ಐವತ್ತೆರಡರಲ್ಲಿ ಸ್ಪೆಷಲಿಸ್ಟ್ ಆದ ಭಾವ

ನಮ್ಮ ಅಕ್ಕನ ಗಂಡ, ಅಂದರೆ ನನ್ನ ಭಾವ, ನಿಮ್ಮ ಮನೆಗೆ ಬಂದರೆ ಮೊದಲು ನಿಮ್ಮ ನಾಯಿಯ ಕಿವಿ ಮೂಸುತ್ತಾರೆ. ನಿಮ್ಮ ಯೋಗಕ್ಷೇಮ ಆಮೇಲೆ. ಅಮೆರಿಕದ ಸಾಂಟಾ ಕ್ಲಾರಾದಲ್ಲಿ ನನ್ನ ಪಕ್ಕದ ಮನೆಯವರಿಗೆ ಅವರನ್ನು ಪರಿಚಯಿಸಿದಾಗ ಆ ಮನುಷ್ಯ ಕೈಕುಲುಕಲು ಕೈ ಚಾಚಿದರು. ಭಾವ ಆಗಲೇ ನೆಲದ ಮೇಲೆ ಕೂತು ಅವರ ನಾಯಿಯ ಕಿವಿಗೆ ಮೂಗಿಟ್ಟಾಗಿತ್ತು.

"ಈಸ್ಟ್ ಇನ್ಫೆಕ್ಷನ್ನು. ಬಲಗಿವಿ ಮಾತ್ರ," ಎಂದರು, ಕಣ್ಣು ಮುಚ್ಚಿಕೊಂಡು.

ಪಕ್ಕದ ಮನೆಯವರು ನನ್ನನ್ನು ನೋಡಿದರು. ನಾನು ನಾಯಿಯನ್ನು ನೋಡಿದೆ. ನಾಯಿಯೊಂದೇ ಒಪ್ಪಿಕೊಂಡಂತೆ ಬಾಲ ಆಡಿಸಿತು. ಮೂರು ದಿನ ಬಿಟ್ಟು ಅದರ ಡಾಕ್ಟರೂ ಅದನ್ನೇ ಹೇಳಿದರಂತೆ. ಅಂದಿನಿಂದ ಆ ಮನೆಯವರು ಭಾವನನ್ನು ಕಂಡರೆ ತಮ್ಮ ಕಿವಿಯನ್ನೂ ಮುಚ್ಚಿಕೊಳ್ಳುತ್ತಾರೆ.

ಭಾವ ಹಾಸನದ ಕಡೆಯವರು, ಓದಿದ್ದು ಪಶುವೈದ್ಯ. ಇಲ್ಲಿಗೆ ಬಂದ ಮೇಲೆ ಪ್ರಾಣಿಗಳ ರೋಗ ಪತ್ತೆ ಮಾಡುವ ಲ್ಯಾಬೊಂದರಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದ್ದಾರೆ. ಹಸುವಿನ ಹಾಲು, ನಾಯಿಯ ಕೀವು, ಕುದುರೆಯ ಲದ್ದಿ, ಗಿಳಿಯ ಹಿಕ್ಕೆ ಎಲ್ಲವೂ ಅಲ್ಲಿಗೆ ಬರುತ್ತದೆ. ಅದನ್ನು ಪುಟ್ಟ ತಟ್ಟೆಗಳಲ್ಲಿಟ್ಟು, ಬೆಳೆದದ್ದು ಯಾವ ಬ್ಯಾಕ್ಟೀರಿಯಾ ಎಂದು ಹೇಳಬೇಕು. ಹೇಳುತ್ತಿದ್ದವರು ಭಾವ. ರಿಪೋರ್ಟಿನ ಕೆಳಗೆ ಸಹಿ ಹಾಕುತ್ತಿದ್ದವರು ಮಾತ್ರ ಸ್ಪೆಷಲಿಸ್ಟ್ ಎನಿಸಿಕೊಂಡ ಬೇರೆಯವರು.

ಸ್ಪೆಷಲಿಸ್ಟ್ ಆಗಲು ಚಿಕ್ಕ ವಯಸ್ಸಿನಲ್ಲೇ ರೆಸಿಡೆನ್ಸಿ ಎಂಬ ತರಬೇತಿ ಮುಗಿಸಿ ಪರೀಕ್ಷೆ ಬರೆಯುವುದು ವಾಡಿಕೆ. ಆ ವಯಸ್ಸಿನಲ್ಲಿ ಭಾವ ವೀಸಾದ ಕಾಗದ ಹಿಡಿದು ಓಡಾಡುತ್ತಿದ್ದರು. ಐವತ್ತಕ್ಕೆ ಬಂದ ಮೇಲೆ ಅವರಿಗೆ ಇನ್ನೊಂದು ದಾರಿ ಕಂಡಿತು. ವರ್ಷಗಟ್ಟಲೆ ಅದೇ ಕೆಲಸ ಮಾಡಿದವರು ರೆಸಿಡೆನ್ಸಿಯ ಬದಲು ಅನುಭವವನ್ನೇ ತೋರಿಸಿ ಪರೀಕ್ಷೆಗೆ ಕೂರಬಹುದು. ಆ ಅನುಭವವನ್ನು ವಿವರವಾಗಿ ಬರೆದು ಕಳಿಸಬೇಕು, ಅಷ್ಟೆ.

ವಿವರವಾಗಿ ಎಂದು ಭಾವನಿಗೆ ಯಾರೂ ಹೇಳಬಾರದಿತ್ತು. ತಿದ್ದಿಕೊಡೆಂದು ನನ್ನ ಕೈಗೆ ನಲವತ್ತು ಪುಟ ಕೊಟ್ಟರು. ಮೊದಲ ಸಾಲಿನಲ್ಲಿ ಅವರಿಗೆ ಏಳು ವರ್ಷ, ಮನೆಯ ಎಮ್ಮೆಗೆ ಕೆಚ್ಚಲು ಬಾವು.

"ಭಾವ, ಎಮ್ಮೆ ತೆಗೀರಿ."

"ಅನುಭವ ಬರೀರಿ ಅಂತ ಅವರೇ ಕೇಳಿದಾರಲ್ಲಪ್ಪ."

"ಕೆಲಸದ ಅನುಭವ ಕೇಳಿರೋದು."

"ಕೊಟ್ಟಿಗೆ ಬಾಚೋದು ನಿಂಗೆ ಕೆಲಸ ಅನ್ಸಲ್ವಾ? ಒಂದಿನ ಬಾಚಿದ್ಯಾ?"

ಅರ್ಧ ಗಂಟೆ ವಾದ ಮಾಡಿ ಎಮ್ಮೆಯನ್ನು ಅಡಿಟಿಪ್ಪಣಿಗೆ ಇಳಿಸಿದೆವು. ಕೊನೆಗೆ ಅಕ್ಕ ಬಂದು ಅಡಿಟಿಪ್ಪಣಿಯಿಂದಲೂ ಓಡಿಸಿದಳು.

ಅರ್ಜಿ ಒಪ್ಪಿಗೆಯಾಯಿತು, ಓದು ಶುರುವಾಯಿತು. ಬೆರ್ರಿಯೆಸಾ ಸ್ಟೇಷನ್ನಿನಲ್ಲಿ ರೈಲು ಹತ್ತಿ ಆಫೀಸು ಮುಟ್ಟುವವರೆಗೂ ಭಾವ ರೋಗಲಕ್ಷಣಗಳನ್ನು ಗಟ್ಟಿಯಾಗಿ ಉರು ಹೊಡೆಯುತ್ತಿದ್ದರು. ಮೂಗಲ್ಲಿ ಕೀವು, ಜ್ವರ, ಹಠಾತ್ ಸಾವು. ಎರಡು ಸ್ಟೇಷನ್ ದಾಟುವಷ್ಟರಲ್ಲಿ ಸುತ್ತಲ ಸೀಟುಗಳೆಲ್ಲ ಖಾಲಿ. "ಈ ಊರಿನ ಜನ ಎಷ್ಟು ಒಳ್ಳೆಯವರು ನೋಡು, ಓದೋರಿಗೆ ಜಾಗ ಬಿಟ್ಟುಕೊಡ್ತಾರೆ," ಎಂದು ನನಗೆ ಹೇಳಿದರು. ಮನೆಯಲ್ಲಿ ಜಾಗ ಬಿಡುವವರು ಯಾರೂ ಇರಲಿಲ್ಲ. "ಡ್ಯಾಡ್, ನೋ ಪಸ್ ಅಟ್ ಬ್ರೇಕ್‌ಫಾಸ್ಟ್, ಪ್ಲೀಸ್," ಎಂದು ಮಗಳು ತಿಂಡಿ ಹೊತ್ತಿನ ಕೀವಿನ ಮಾತು ತಾಳದೆ ದೋಸೆಯ ತಟ್ಟೆ ಎತ್ತಿಕೊಂಡು ಗ್ಯಾರೇಜಿಗೆ ಹೋಗುತ್ತಿದ್ದಳು. ಅಕ್ಕ ಹೆಪ್ಪು ಹಾಕಿದ ಮೊಸರನ್ನು ಮೈಕ್ರೋಸ್ಕೋಪಿನಲ್ಲಿಟ್ಟು, ಅದರ ಬ್ಯಾಕ್ಟೀರಿಯಾ ನೋಡಿ "ಪಾಪ, ಸುಸ್ತಾಗಿದಾವೆ" ಎಂದದ್ದಕ್ಕೆ ಭಾವನಿಗೆ ಒಂದು ವಾರ ಮಜ್ಜಿಗೆಯೂ ಸಿಗಲಿಲ್ಲ.

ಇಷ್ಟೆಲ್ಲ ಮಾಡಿಯೂ ಮೊದಲ ಸಲ ಭಾವ ಫೇಲಾದರು. ಕಾರಣ ಮೀನು. ಪರೀಕ್ಷೆಯಲ್ಲಿ ಮೀನಿನ ರೋಗಗಳ ಬಗ್ಗೆಯೇ ಹೆಚ್ಚು ಕೇಳಿದ್ದರು, ಹತ್ತೊಂಬತ್ತು ವರ್ಷದಲ್ಲಿ ಅವರ ಮೇಜಿಗೆ ಬಂದಿದ್ದ ಮೀನು ನಾಲ್ಕೋ ಐದೋ. ಮರುದಿನವೇ ಒಂದು ಗಾಜಿನ ತೊಟ್ಟಿ, ಹನ್ನೆರಡು ಮೀನು ತಂದು ನಡುಮನೆಯಲ್ಲಿಟ್ಟು, ಎದುರಿಗೆ ನೋಟ್‌ಬುಕ್ ಹಿಡಿದು ಕೂತರು. ತಿಂಗಳಾದರೂ ಒಂದು ಮೀನೂ ಸೀನಲಿಲ್ಲ.

"ಏನ್ ಮೀನುಗಳೋ, ಒಂದಕ್ಕೂ ಕಾಯಿಲೆ ಇಲ್ಲ," ಎಂದು ಗೊಣಗಿದರು.

"ರೀ, ನೀವು ಹಿಂಗೇ ಗುರಾಯಿಸ್ತಾ ಕೂತ್ರೆ ಬರುತ್ತೆ ಬಿಡಿ," ಎಂದಳು ಅಕ್ಕ.

ಮೀನುಗಳು ಕೊಬ್ಬಿದವು, ಭಾವ ಸೊರಗಿದರು. ಆದರೆ ಎರಡನೆಯ ಸಲ ಪಾಸಾದರು. ಸುದ್ದಿ ಬಂದಾಗ ಅವರು ಕುಣಿಯಲಿಲ್ಲ, "ಸರಿ" ಎಂದು ಮೀನಿಗೆ ಊಟ ಹಾಕಲು ಹೋದರು. ನನಗೆ ಸ್ವಲ್ಪ ನಿರಾಸೆಯೇ ಆಯಿತು.

ಅದಾಗಿ ಎರಡು ವಾರಕ್ಕೆ, ಒಂದು ಶುಕ್ರವಾರ ಸಂಜೆ, ಭಾವ ಕೆಲಸದಿಂದ ಬಂದವರು ಬೂಟೂ ಬಿಚ್ಚದೆ ಊಟದ ಮೇಜಿನ ಮುಂದೆ ಕೂತರು.

"ಇವತ್ತು ರಿಪೋರ್ಟಿಗೆ ನಾನೇ ಸಹಿ ಹಾಕಿದೆ," ಎಂದರು.

"ಯಾವ ರೋಗ?" ಎಂದೆ.

"ರೋಗ ಇಲ್ಲ. ಯಾರೋ ಅಜ್ಜಿ ಸಾಕಿರೋ ಮುದಿ ಬೆಕ್ಕು. ತಟ್ಟೇಲಿ ಏನೂ ಬೆಳೀಲಿಲ್ಲ. ಅದನ್ನೇ ಬರೆದು ಸಹಿ ಮಾಡಿದೆ."

ಅಕ್ಕ ಒಲೆ ಆರಿಸಿ ಬಂದಳು. "ಹೆಂಗ್ ಹಾಕಿದ್ರಿ ಸಹಿ, ತೋರಿಸಿ."

ಭಾವ ಪೇಪರ್ ನ್ಯಾಪ್‌ಕಿನ್ ಎಳೆದುಕೊಂಡರು. ಆಫೀಸಿನಲ್ಲಿ ಅವರ ಹೆಸರು ಮೂರೇ ಅಕ್ಷರ. ನಾಲಿಗೆ ಹೊರಳದವರು ಕತ್ತರಿಸಿಟ್ಟದ್ದು. ಅವರು ಬರೆದದ್ದು ಅದಲ್ಲ. ಮೊದಲು ಊರಿನ ಹೆಸರು, ಆಮೇಲೆ ಅಪ್ಪನ ಹೆಸರು, ಆಮೇಲೆ ತಮ್ಮದು, ಒಂದಕ್ಷರವನ್ನೂ ಬಿಡದೆ. ಜಾಗ ಸಾಲದೆ ಕೊನೆಯ ಎರಡಕ್ಷರ ನ್ಯಾಪ್‌ಕಿನ್ ದಾಟಿ ಮೇಜಿನ ಮೇಲೆ ಹೋದವು.

ಮೇಜಿನ ಮೇಲೆ ಒಂದು ತೊಟ್ಟು ಸಾರು ಬಿದ್ದರೂ ಸಹಿಸದ ಅಕ್ಕ ಆ ಎರಡಕ್ಷರವನ್ನು ಇವತ್ತಿಗೂ ಒರೆಸಿಲ್ಲ.