ಕೋಚ್ ಮನೆಯ ಕರಿ ಸೋಮವಾರ

ಡಾರ್ಲಾ: ಆ ತಟ್ಟೆ ಇಡು ಕೆಳಗೆ. ಈಗಷ್ಟೇ ಪೇಪರ್ ಸುತ್ತಿದೀನಿ.

ವರ್ನ್: ಸುತ್ತು ಅಂತ ಯಾರು ಹೇಳಿದ್ರು ನಿಂಗೆ? ನಾನಿನ್ನೂ ಈ ತಂಡದ ಕೋಚು.

ಡಾರ್ಲಾ: ಹೌದು, ಮಧ್ಯಾಹ್ನದವರೆಗೆ.

ವರ್ನ್: ಗುರುವಾರ ರೇಡಿಯೋದಲ್ಲಿ ತಂಡದ ಯಜಮಾನ್ರು ಏನಂದ್ರು, ನೀನೇ ಕೇಳಿಸ್ಕೊಂಡೆ ತಾನೆ? 'ನಮ್ಮ ಕೋಚ್ ವರ್ನ್ ಕ್ರುಪಾ ಮೇಲೆ ನನಗೆ ಪೂರ್ತಿ ವಿಶ್ವಾಸ ಇದೆ' ಅಂದ್ರು.

ಡಾರ್ಲಾ: ಕೇಳಿಸ್ಕೊಂಡೆ. ಕೇಳಿಸ್ಕೊಂಡವಳೇ ಹೋಗಿ ಹದಿನೆಂಟು ರಟ್ಟಿನ ಪೆಟ್ಟಿಗೆ ತಂದೆ.

ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್ ಆಡುವ ಟೊಲೀಡೊ ಊರಿನ ತಂಡ ಹೆರನ್ಸ್, ಅಂದರೆ ಕೊಕ್ಕರೆಗಳು, ಹಿಂದಿನ ದಿನ ಈ ಋತುವಿನ ಕೊನೆಯ ಪಂದ್ಯವನ್ನೂ ಶಾಸ್ತ್ರೋಕ್ತವಾಗಿ ಸೋತಿದ್ದವು. ಅದರ ಮರುದಿನಕ್ಕೆ ಈ ಕಸುಬಿನವರು ಕರಿ ಸೋಮವಾರ ಎನ್ನುತ್ತಾರೆ. ಸೋತ ತಂಡಗಳ ಯಜಮಾನರು ತಿಂಡಿಗೂ ಊಟಕ್ಕೂ ನಡುವೆ ತಂತಮ್ಮ ಕೋಚುಗಳನ್ನು ಮನೆಗೆ ಕಳಿಸುವ ದಿನ ಅದು. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಡಾರ್ಲಾ ಇದೇ ನೀಲಿ ಅಂಚಿನ ತಟ್ಟೆಗಳನ್ನು ಏಳು ಊರಲ್ಲಿ ಏಳು ಸಲ ಪೇಪರಿನಲ್ಲಿ ಸುತ್ತಿದ್ದಳು. ಇವತ್ತು ಅವಳು ಈ ಕಡೆಯಿಂದ ಸುತ್ತಿ ಪೆಟ್ಟಿಗೆಗಿಟ್ಟರೆ, ಗಂಡ ಆ ಕಡೆಯಿಂದ ಬಿಚ್ಚಿ ಕಪಾಟಿಗಿಡುತ್ತಿದ್ದ. ಅರ್ಧ ಗಂಟೆಯಿಂದ ಇಬ್ಬರೂ ದುಡಿಯುತ್ತಿದ್ದರೂ ಕೆಲಸ ಇದ್ದಲ್ಲೇ ಇತ್ತು.

ಡಾರ್ಲಾ: ಹಿಂದಿನ ಊರಲ್ಲಿ ಬುಧವಾರ ಪೂರ್ತಿ ವಿಶ್ವಾಸ ಅಂದ್ರು, ಶುಕ್ರವಾರ ಕಳಿಸಿದ್ರು. ಅದರ ಹಿಂದಿನ ಊರಲ್ಲಂತೂ ತಬ್ಬಿಕೊಂಡೇಬಿಟ್ರು. ತಬ್ಬಿಕೊಂಡ್ರೆ ಸಂಜೆಯೇ ಹೊರಡ್ಬೇಕು ಅಂತ ಆವತ್ತು ಗೊತ್ತಾಯ್ತು.

ವರ್ನ್: ಈ ಯಜಮಾನ್ರು ಓಸ್ಟ್ರಾಂಡರ್ ಹಾಗಲ್ಲ ಕಣೇ. ಅವರಿಗೆ ಒಬ್ಬರನ್ನ ಕೆಲಸದಿಂದ ತೆಗೆಯೋ ಧೈರ್ಯ ಎಲ್ಲಿದೆ? ಅವರ ಹಾಸಿಗೆ ಕಾರ್ಖಾನೇಲಿ ಎಂಬತ್ತೆರಡು ವರ್ಷದ ಕಾವಲುಗಾರ ಇನ್ನೂ ಇದಾನೆ. ದಿನಾ ಬಂದು ಮಾರೋ ಹಾಸಿಗೆ ಮೇಲೇ ಮಲಗ್ತಾನೆ.

ಡಾರ್ಲಾ: ಆ ಕಾವಲುಗಾರ ಹನ್ನೊಂದು ಪಂದ್ಯ ಸೋತಿಲ್ಲ.

ವರ್ನ್: ಆರು ಗೆದ್ದಿದೀನಲ್ಲ, ಅದನ್ಯಾಕೆ ಹೇಳಲ್ಲ?

ಡಾರ್ಲಾ: ನಂಗ್ಯಾಕೆ ಹೇಳ್ತೀಯ? ನಮ್ಮ ಅಂಗಳದಲ್ಲಿ 'ಈ ಮನೆ ಮಾರಾಟಕ್ಕಿದೆ' ಅಂತ ಬೋರ್ಡು ನೆಟ್ಟು ಹೋಗಿದಾರಲ್ಲ ಅಭಿಮಾನಿಗಳು, ಅವರಿಗೆ ಹೇಳು. ಬೆಳಗ್ಗೆಯಿಂದ ಇಬ್ಬರು ನಿಜವಾಗ್ಲೂ ಬಂದು ಎಷ್ಟು ರೂಮಿದೆ ಅಂತ ಕೇಳಿದ್ರು.

ವರ್ನ್: ಎಷ್ಟಿದೆ ಅಂದೆ?

ಡಾರ್ಲಾ: ನಾಲ್ಕು ಅಂದೆ. ಸುಳ್ಳು ಹೇಳ್ಲಾ?

ಅವಳ ಮಾತಿನಲ್ಲಿ ಎಷ್ಟೇ ಖಾರವಿದ್ದರೂ ಒಳಗೆ ಸಂಕಟವಿತ್ತು. ಹಿತ್ತಲಲ್ಲಿ ಅವಳು ಆಸ್ಪರಾಗಸ್ ಹಾಕಿದ್ದಳು. ಆ ತರಕಾರಿಯನ್ನು ನೆಟ್ಟರೆ ಮೂರು ವರ್ಷ ಕುಡಿ ಮುರಿಯದೆ ಕಾಯಬೇಕು. ಹಿಂದಿನ ಏಳು ಊರಲ್ಲೂ ನೆಟ್ಟಿದ್ದಳು. ಏಳು ಊರಲ್ಲೂ ಅದನ್ನು ಬೆಣ್ಣೆಯಲ್ಲಿ ಹುರಿದು ತಿಂದವಳು ಅವಳ ನಂತರ ಬಂದ ಕೋಚಿನ ಹೆಂಡತಿ. ಇಲ್ಲಿ ಬರುವ ಮೇ ತಿಂಗಳಿಗೆ ಮೂರನೇ ವರ್ಷ. ಒಂದೇ ಒಂದು ಊರಲ್ಲಿ ತಾನು ನೆಟ್ಟದ್ದನ್ನು ತಾನೇ ತಿನ್ನಬೇಕು ಎಂದು ಅವಳಿಗೆ ಬಹಳ ಆಸೆಯಿತ್ತು.

ಫೋನು ಹೊಡೆದುಕೊಂಡಿತು. ಯಜಮಾನರದು. ವರ್ನ್ ಫ್ರಿಜ್ಜಿನ ಮೇಲಿದ್ದ ಆಟದ ತಂತ್ರ ಬರೆದು ಪ್ಲಾಸ್ಟಿಕ್ ಹೊದಿಸಿದ ದೊಡ್ಡ ಹಾಳೆಯೊಂದನ್ನು ಎಳೆದುಕೊಂಡು ಬಾಯಿಗೆ ಅಡ್ಡ ಹಿಡಿದ. ಮೈದಾನದಲ್ಲಿ ತುಟಿ ನೋಡಿ ಎದುರಾಳಿಗಳು ತಂತ್ರ ಓದಿಬಿಡುತ್ತಾರೆಂದು ಎಲ್ಲ ಕೋಚುಗಳೂ ಹೀಗೆ ಹಿಡಿಯುತ್ತಾರೆ.

ಡಾರ್ಲಾ: ಅಡುಗೆಮನೇಲಿ ಯಾವ ಕ್ಯಾಮರಾ ಇದೆಯೋ ಮಾರಾಯ?

ವರ್ನ್: (ಹಾಳೆಯ ಹಿಂದಿನಿಂದ) ಶ್‌! ಹಲೋ... ಹ್ಞೂಂ ಯಜಮಾನ್ರೇ... ಹ್ಞೂಂ... ಅಯ್ಯೋ... ಯೋಚನೆ ಮಾಡ್ತೀನಿ... ಹ್ಞೂಂ.

ಫೋನು ಇಟ್ಟಮೇಲೂ ಅವನು ಹಾಳೆ ಇಳಿಸಲಿಲ್ಲ.

ಡಾರ್ಲಾ: ಹೋಯ್ತಾ?

ವರ್ನ್: ಇಲ್ಲ. ಉಳೀತು. ಇನ್ನೊಂದು ವರ್ಷ ನಾನೇ ಕೋಚು.

ಡಾರ್ಲಾ: ನನ್ನಾಣೆ?

ವರ್ನ್: ನಿನ್ನಾಣೆ.

ಡಾರ್ಲಾ ಗಂಡನ ಕೆನ್ನೆಗೆ ಮುತ್ತು ಕೊಟ್ಟು, ಪೆಟ್ಟಿಗೆಗೆ ಕೈ ಹಾಕಿ ತಟ್ಟೆಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು.

ವರ್ನ್: ಆದ್ರೆ ಸೋತಿದ್ದಕ್ಕೆ ಜನಕ್ಕೆ ಯಾವುದಾದ್ರೂ ಒಂದು ತಲೆ ಉರುಳಿದ್ದು ಕಾಣಬೇಕಂತೆ. ನನ್ನ ಕೈಕೆಳಗಿನವರಲ್ಲಿ ಒಬ್ಬರನ್ನ ನಾನೇ ಕಳಿಸ್ಬೇಕು. ಹನ್ನೆರಡು ಗಂಟೆಯೊಳಗೆ.

ಡಾರ್ಲಾ: ಕಳಿಸು! ಅದಕ್ಯಾಕೆ ಮುಖ ಇಳಿಬಿಟ್ಕೊಂಡಿದೀಯ? ಚೆಂಡು ಒದೆಯೋದು ಕಲಿಸೋ ಆ ಕಿಕ್ಕಿಂಗ್ ಕೋಚ್ ತಾನೆ? ಒಳ್ಳೇದಾಯ್ತು. ಕಳೆದ ಕ್ರಿಸ್ಮಸ್‌ಗೆ ಬಂದು ನನ್ನ ಸೋಫಾ ಮೇಲೆ ವೈನ್ ಚೆಲ್ಲಿದ.

ವರ್ನ್: ಅವನಲ್ಲ.

ಡಾರ್ಲಾ: ಯಾರಾದ್ರೂ ಆಗ್ಲಿ, ನಮಗೇನು? ಮನಸ್ಸು ಗಟ್ಟಿ ಮಾಡ್ಕೊ. ಈ ಕಸುಬೇ ಹಾಗೆ. ಯಾರಂತೆ?

ವರ್ನ್: ಡಿಫೆನ್ಸ್ ಕೋಚು.

ಡಾರ್ಲಾಳ ಕೈಯಲ್ಲಿದ್ದ ತಟ್ಟೆ ಗಾಳಿಯಲ್ಲೇ ನಿಂತಿತು. ಎದುರಾಳಿಗಳನ್ನು ತಡೆಯುವ ಆಟಗಾರರನ್ನು ತಯಾರು ಮಾಡುವ ಡಿಫೆನ್ಸ್ ಕೋಚ್ ರೋಲಂಡ್ ಅವಳ ಸ್ವಂತ ತಮ್ಮ. ಹನ್ನೆರಡು ವರ್ಷದಿಂದ ವರ್ನ್ ಹೋದ ಊರಿಗೆಲ್ಲ ಗಂಟುಮೂಟೆ ಕಟ್ಟಿಕೊಂಡು ಹಿಂದೆಯೇ ಬಂದವನು. ಅವಳು ಆ ತಟ್ಟೆಯನ್ನು ಮತ್ತೆ ಪೇಪರಿನಲ್ಲಿ ಸುತ್ತಿದಳು.

ವರ್ನ್: ನೀನೇ ತಾನೆ ಮನಸ್ಸು ಗಟ್ಟಿ ಮಾಡ್ಕೊ ಅಂದಿದ್ದು?

ಡಾರ್ಲಾ: ಅದು ವೈನ್ ಚೆಲ್ಲಿದವನ ವಿಷಯದಲ್ಲಿ.

ಅಷ್ಟರಲ್ಲಿ ಹಿಂಬಾಗಿಲು ತೆರೆದುಕೊಂಡಿತು. ಬೂಟಿನ ಹಿಮ ಕೊಡವುತ್ತ ರೋಲಂಡನೇ ಬಂದ, ಕೈಯಲ್ಲಿ ಒಂದು ಡಜನ್ ಡೋನಟ್ ಹಿಡಿದು. ಯಾವತ್ತೂ ಬರಿಗೈಯಲ್ಲಿ ಬಂದು ಹೊಟ್ಟೆ ತುಂಬಿಸಿಕೊಂಡು ಹೋಗುವವನು ಏನೋ ತಂದಿದ್ದು ನೋಡಿ ಅಕ್ಕನಿಗೆ ಅನುಮಾನ ಬಂತು.

ರೋಲಂಡ್: ನಮಸ್ಕಾರ, ಕೋಚ್.

ಅನುಮಾನ ಬಲವಾಯಿತು. ಮೈದಾನದಲ್ಲಿ ಕೋಚ್ ಎನ್ನುವವನು ಮನೆಯಲ್ಲಿ ಭಾವ ಎಂದು ಬಿಟ್ಟರೆ ಬೇರೆ ಹೆಸರಿನಿಂದ ಕರೆದವನಲ್ಲ.

ವರ್ನ್: ಬಾರಪ್ಪ ರೋಲಂಡ್. ಕೂತ್ಕೊ. ಆ ಕುರ್ಚಿ ಬೇಡ, ಮೆತ್ತೆ ಇರೋದ್ರಲ್ಲಿ ಕೂತ್ಕೊ.

ರೋಲಂಡ್: ಬೇಡ ಬೇಡ, ನೀವು ಕೂತ್ಕೊಳ್ಳಿ. ನಿಂತು ಕೇಳೋ ವಿಷಯ ಅಲ್ಲ... ಅಂದ್ರೆ, ನಿಂತು ತಿನ್ನೋ ಡೋನಟ್ ಅಲ್ಲ. ಚಾಕಲೇಟಿನದು ನೀವು ತಗೊಳ್ಳಿ.

ವರ್ನ್: ಅದು ನಿನಗಿಷ್ಟ, ನೀನು ತಿನ್ನು. ಬಹಳ ಸೊರಗಿದೀಯ. ವಿಶ್ರಾಂತಿ ಬೇಕು ನಿಂಗೆ.

ರೋಲಂಡ್: ನಾನೂ ಅದನ್ನೇ ಹೇಳೋಣ ಅಂತ ಬಂದೆ! ನಿಮಗೆ ಅಂತ. ಎಷ್ಟು ವರ್ಷ ಅಂತ ಬೆಳಗ್ಗೆ ನಾಲ್ಕಕ್ಕೆ ಎದ್ದು ಪಂದ್ಯದ ವಿಡಿಯೋ ನೋಡ್ತೀರ? ಮನುಷ್ಯ ಒಂದು ಹಂತದಲ್ಲಿ ನಿಲ್ಲಿಸ್ಬೇಕು.

ವರ್ನ್: ಸರಿಯಾಗಿ ಹೇಳಿದೆ. ನಿಲ್ಲಿಸೋದ್ರಲ್ಲಿ ಅವಮಾನ ಏನಿಲ್ಲ.

ರೋಲಂಡ್: ಏನೇನೂ ಇಲ್ಲ! ನೀವು ಇಷ್ಟು ಸುಲಭವಾಗಿ ಒಪ್ತೀರ ಅಂತ ನಾನಂದುಕೊಂಡಿರ್ಲಿಲ್ಲ.

ವರ್ನ್: ನೀನು ಒಪ್ಪಿದ್ಯಲ್ಲ, ಅದೇ ನಂಗೆ ಆಶ್ಚರ್ಯ. ದೊಡ್ಡ ಮನಸ್ಸು ಕಣಪ್ಪ ನಿಂದು.

ರೋಲಂಡ್: ಟೀವಿಯವರು ಕೆಲಸ ಕೊಡ್ತಾರೆ. ತಂಪು ರೂಮಲ್ಲಿ ಕೂತು ಬೇರೆ ಕೋಚುಗಳನ್ನ ಬೈತಾ ಇದ್ರಾಯ್ತು.

ವರ್ನ್: ಚೆನ್ನಾಗಿ ಬೈತೀಯ ನೀನು.

ರೋಲಂಡ್: ನಾನಾ? ನಿಮ್ಮಷ್ಟಿಲ್ಲ.

ವರ್ನ್: ನಿನ್ನ ಮೇಜು ಖಾಲಿ ಮಾಡೋಕೆ ನಾನೇ ಬಂದು ನಿಂತ್ಕೊತೀನಿ. ಜೊತೆಗೆ ಯಾರೂ ಇಲ್ಲ ಅನ್ನಿಸ್ಬಾರದು.

ರೋಲಂಡ್: ನನ್ನ ಮೇಜಾ? ಹೌದು, ಖಾಲಿ ಮಾಡ್ಲೇಬೇಕಲ್ಲ, ನಿಮ್ಮ ರೂಮಿಗೆ ಬರೋಕೆ.

ವರ್ನ್: ನನ್ನ ರೂಮಿಗ್ಯಾಕೆ ಬರ್ತೀಯ?

ರೋಲಂಡ್: ನೀವು ಬಿಟ್ಟ ಮೇಲೆ.

ವರ್ನ್: ನಾನ್ಯಾಕೆ ಬಿಡ್ತೀನಿ?

ಡೋನಟ್ ಡಬ್ಬಿಯನ್ನು ಇಬ್ಬರೂ ಒಬ್ಬರಿಂದೊಬ್ಬರು ತಮ್ಮ ಕಡೆಗೆ ಎಳೆದುಕೊಂಡರು. ಡಾರ್ಲಾ ಅದನ್ನು ಕಿತ್ತುಕೊಂಡು ಕಪಾಟಿನ ಮೇಲಿಟ್ಟಳು.

ಡಾರ್ಲಾ: ಒಂದು ನಿಮಿಷ. ಇಲ್ಲಿ ಕೆಲಸ ಹೋಗಿರೋದು ಯಾರಿಗೆ?

ಇಬ್ಬರೂ ಒಟ್ಟಿಗೆ ಎದುರಿನವನತ್ತ ಬೆರಳು ತೋರಿಸಿದರು.

ರೋಲಂಡ್: ಎಂಟು ಗಂಟೆಗೆ ಯಜಮಾನ್ರು ಫೋನ್ ಮಾಡಿದ್ರು ಅಕ್ಕ. 'ಭಾವನ ಜಾಗಕ್ಕೆ ನೀನು ಬಾ, ಆದ್ರೆ ವಿಷಯ ಅವರಿಗೆ ನೀನೇ ತಿಳಿಸ್ಬೇಕು, ಹನ್ನೆರಡರೊಳಗೆ' ಅಂದ್ರು.

ವರ್ನ್: ನಂಗೆ ಒಂಬತ್ತಕ್ಕೆ ಮಾಡಿದ್ರು! ಒಂಬತ್ತು ಆಮೇಲೆ ಬರುತ್ತೆ. ಆಮೇಲಿನದೇ ಲೆಕ್ಕ.

ರೋಲಂಡ್: ಅದ್ಹೇಗೆ? ಮೊದಲು ಕೊಟ್ಟ ಮಾತಿಗೆ ಬೆಲೆ ಇಲ್ವಾ?

ವರ್ನ್: ನಿನ್ನ ಡಿಫೆನ್ಸಿಗೇ ಬೆಲೆ ಇಲ್ಲ! ನಿನ್ನೆ ಎದುರಾಳಿಗಳ ಆ ದಡಿಯ ಚೆಂಡು ಹಿಡ್ಕೊಂಡು ನಿನ್ನ ನಾಲ್ಕು ಜನರ ನಡುವೆ ಪೇಟೆಗೆ ಹೋಗೋ ಹಾಗೆ ನಡ್ಕೊಂಡು ಹೋದ!

ರೋಲಂಡ್: ನಿಮ್ಮ ಹುಡುಗರು ಚೆಂಡು ಹಿಡೀತಾರೇನು? ಅವರಿಗೆ ಕಾಗದ ಕೊಟ್ರೂ ಕೆಳಗೆ ಬೀಳಿಸ್ತಾರೆ!

ಡಾರ್ಲಾ: ಬಾಯ್ಮುಚ್ಚಿ ಇಬ್ರೂ! ರೋಲಂಡ್, ನೀನು ಯಜಮಾನ್ರಿಗೆ ಏನಂದೆ?

ರೋಲಂಡ್: ಯೋಚನೆ ಮಾಡ್ತೀನಿ ಅಂದೆ.

ಡಾರ್ಲಾ: ವರ್ನ್, ನೀನು?

ವರ್ನ್: ನಾನೂ... ಅದನ್ನೇ ಅಂದೆ.

ಡಾರ್ಲಾ: ಅಂದ್ರೆ ಇಬ್ಬರಲ್ಲಿ ಒಬ್ಬನ ಬಾಯಲ್ಲೂ 'ಆಗಲ್ಲ' ಅನ್ನೋ ಮಾತು ಬರ್ಲಿಲ್ಲ.

ಡಾರ್ಲಾಗೆ ಸಿಟ್ಟಿಗಿಂತ ಹೆಚ್ಚಾಗಿ ಅಳು ಬಂತು. ಕೆಲಸ ಕಳೆದುಕೊಳ್ಳುವ ಭಯ ಈ ಇಬ್ಬರನ್ನೂ ಎಲ್ಲಿಗೆ ತಂದು ನಿಲ್ಲಿಸಿತ್ತು ಎಂದು ಅವಳಿಗೆ ಗೊತ್ತಿತ್ತು. ಇಬ್ಬರೂ ಕೆಟ್ಟವರಲ್ಲ ಎಂಬುದೂ ಗೊತ್ತಿತ್ತು.

ರೋಲಂಡ್: (ತಲೆ ತಗ್ಗಿಸಿ) ದಾರೀಲಿ ಎರಡು ಸಲ ಕಾರು ಹಿಂದೆ ತಿರುಗಿಸಿದೆ ಭಾವ. ಡೋನಟ್ ಅಂಗಡಿ ಮುಂದೆ ಹತ್ತು ನಿಮಿಷ ಸುಮ್ಮನೆ ಕಾರಲ್ಲಿ ಕೂತಿದ್ದೆ.

ವರ್ನ್: ನಾನು ನಿಂಗೆ ಹೇಗೆ ಹೇಳೋದು ಅಂತ ಆ ಹಾಳೆ ಹಿಂದೆ ಮುಖ ಮುಚ್ಕೊಂಡಿದ್ದೆ ಕಣೋ.

ಡಾರ್ಲಾ: ಇನ್ನೇನು ಅಳೋಕೆ ಶುರು ಮಾಡ್ಬೇಡಿ. ಆ ಫೋನ್ ಕೊಡು ಇಲ್ಲಿ.

ಅವಳು ಎಲ್ಲರಿಗೂ ಕೇಳುವಂತೆ ಫೋನನ್ನು ಮೇಜಿನ ಮೇಲಿಟ್ಟು ಯಜಮಾನರಿಗೆ ಕರೆ ಮಾಡಿದಳು.

ಡಾರ್ಲಾ: ಓಸ್ಟ್ರಾಂಡರ್ ಅವರೇ, ನಾನು ಕೋಚ್ ಕ್ರುಪಾ ಹೆಂಡತಿ. ನೀವು ಹೇಳಿದ ಹಾಗೇ ಆಯ್ತು. ನನ್ನ ತಮ್ಮ ನನ್ನ ಗಂಡನ್ನ ತೆಗೆದ್ಹಾಕಿದ. ನನ್ನ ಗಂಡ ನನ್ನ ತಮ್ಮನ್ನ ತೆಗೆದ್ಹಾಕಿದ. ಈಗ ನಿಮ್ಮ ತಂಡಕ್ಕೆ ಕೋಚ್ ಯಾರು?

ಓಸ್ಟ್ರಾಂಡರ್: (ಗಾಬರಿಯಿಂದ) ಇಬ್ರೂನಾ? ಇಬ್ರೂ ಯಾಕಮ್ಮಾ? ಯಾರಾದ್ರೂ ಒಬ್ಬರು ಮೊದಲು ಹೇಳಿಬಿಡ್ತಾರೆ, ನಾನು ಯಾರಿಗೂ ಕೆಟ್ಟವನಾಗಲ್ಲ ಅಂದ್ಕೊಂಡೆ. ಯಾರು ಉಳಿದ್ರೂ ನಂಗೆ ಸರಿಯೇ ಇತ್ತು.

ಡಾರ್ಲಾ: ಹಾಗಾದ್ರೆ ಇಬ್ರೂ ಉಳೀಲಿ.

ಓಸ್ಟ್ರಾಂಡರ್: ಜನ ಬಿಡಬೇಕಲ್ಲಮ್ಮ! ಎರಡು ಗಂಟೆಗೆ ಪತ್ರಿಕೆಯವರು ಬರ್ತಾರೆ. ಯಾರನ್ನೂ ತೆಗೀಲಿಲ್ಲ ಅಂದ್ರೆ ನನ್ನನ್ನೇ ತಿಂತಾರೆ.

ಡಾರ್ಲಾ: ಆಟಗಾರರನ್ನ ಆರಿಸಿ ತರೋರು ಯಾರು?

ಓಸ್ಟ್ರಾಂಡರ್: ಮ್ಯಾನೇಜರು. ಬ್ರೆಂಟ್.

ಡಾರ್ಲಾ: ಒಂದೇ ವರ್ಷ ಮೂರು ಜನ ಕಿಕ್ಕರ್‌ಗಳನ್ನ ತಂದವನು ಯಾರು? ಚಳಿಗೆ ಕೈ ಜೇಬಿಂದ ತೆಗೀದೇ ಇರೋ ಆ ಬಿಸಿಲೂರು ಫ್ಲಾರಿಡಾದ ಹುಡುಗನ್ನ ಆರಿಸಿದ್ದು ಯಾರು?

ಓಸ್ಟ್ರಾಂಡರ್: ಅದೂ ಬ್ರೆಂಟೇ. ಆದ್ರೆ... ಬ್ರೆಂಟ್ ನನ್ನ ಅಳಿಯ ಅಲ್ವೇನಮ್ಮಾ? ಮನೆಯವರನ್ನ ಹೇಗೆ ತೆಗೆಯೋದು? ನಾಳೆ ನನ್ನ ಮಗಳ ಮುಖ ಹೇಗೆ ನೋಡ್ಲಿ?

ಡಾರ್ಲಾ: ಬೆಳಗ್ಗೆಯಿಂದ ನಾನೂ ಅದನ್ನೇ ಕೇಳ್ತಿದೀನಿ ಸ್ವಾಮಿ.

ವರ್ನ್ ಮತ್ತು ರೋಲಂಡ್ ಪಕ್ಕಪಕ್ಕದಲ್ಲಿ ನಿಂತು, ಕೊನೆಯ ಕಿಕ್ ನೋಡುವ ಆಟಗಾರರಂತೆ ಒಬ್ಬರ ತೋಳು ಒಬ್ಬರು ಹಿಡಿದುಕೊಂಡಿದ್ದರು.

ಡಾರ್ಲಾ: ತೆಗೀಬೇಡಿ, ಕಾರ್ಖಾನೆಗೆ ಕಳಿಸಿ. ದೊಡ್ಡ ರೂಮು, ದೊಡ್ಡ ಹೆಸರು ಕೊಡಿ. ಹಾಸಿಗೆ ಎಷ್ಟು ತಪ್ಪಾಗಿ ಆರಿಸಿದ್ರೂ ಎಪ್ಪತ್ತು ಸಾವಿರ ಜನ ಕೂಗಲ್ಲ.

ಓಸ್ಟ್ರಾಂಡರ್: ಬಡ್ತಿ ಅನ್ನಬಹುದು! ಅಲ್ವಾ? ಅಯ್ಯೋ, ಇದು ನಂಗೆ ಹೊಳೀಲೇ ಇಲ್ವಲ್ಲ! ಸರಿ, ಇಬ್ರೂ ಇರ್ಲಿ. ಈಗಲೇ ಕಾಗದಕ್ಕೆ ಸಹಿ ಹಾಕಿ ಕಳಿಸ್ತೀನಿ.

ಅಡುಗೆಮನೆಯಲ್ಲಿ ಕೋಚುಗಳಿಬ್ಬರೂ ಸದ್ದಿಲ್ಲದೆ ಕುಣಿದರು. ವರ್ನ್ ಭಾವಮೈದುನನನ್ನು ಎತ್ತಲು ಹೋಗಿ ಸೊಂಟ ಹಿಡಿದುಕೊಂಡ.

ಓಸ್ಟ್ರಾಂಡರ್: ಇನ್ನೊಂದು ಮಾತು, ಮಿಸೆಸ್ ಕ್ರುಪಾ. ಮ್ಯಾನೇಜರ್ ಕುರ್ಚಿ ಈಗ ಖಾಲಿ ಆಯ್ತಲ್ಲ. ಮೂವತ್ತು ವರ್ಷದಲ್ಲಿ ಈ ತಂಡದಲ್ಲಿ ಇಷ್ಟು ಬೇಗ ಒಂದು ತೀರ್ಮಾನ ಆಗಿದ್ದು ನಾನು ನೋಡಿಲ್ಲ. ನೀವೇ ಯಾಕೆ ಬರಬಾರದು?

ಗಂಡನೂ ತಮ್ಮನೂ ಕುಣಿತ ನಿಲ್ಲಿಸಿ ಅವಳ ಮುಖ ನೋಡಿದರು.

ಡಾರ್ಲಾ: (ಸುತ್ತಿದ್ದ ತಟ್ಟೆಯನ್ನು ಮತ್ತೆ ಬಿಚ್ಚುತ್ತ) ಬೇಡ ಸ್ವಾಮಿ. ಮನೇಲಿ ಒಬ್ಬರಿಗಾದ್ರೂ ಖಾಯಂ ಕೆಲಸ ಇರ್ಲಿ.