ಸಾಹುಕಾರರ ಪರವಾಗಿ ನಡಿಗೆ

೧೯೭೪ನೇ ಇಸವಿಯಲ್ಲಿ ಬಳ್ಳಾರಿ ಸೀಮೆಯ ಅರವತ್ತು ದಾಟಿದ ಹೃದಯಗಳೆಲ್ಲ ಹಿರಿಯರ ಹೃದಯ ರಕ್ಷಣಾ ಸಮಿತಿಯ ಅಧೀನಕ್ಕೆ ಒಳಪಟ್ಟಿದ್ದವು. ಕಂಟೋನ್ಮೆಂಟಿನ ಹಳೇ ಬಂಗಲೆಯಲ್ಲಿ ಆ ಸಮಿತಿಯ ಕಚೇರಿ, ಕಚೇರಿಯಲ್ಲಿ ಗುಮಾಸ್ತನಾಗಿ ನಾನು. ನಾನು ಹೇಳುವುದರಲ್ಲಿ ಸುಳ್ಳಿಲ್ಲ. ಇದ್ದರೂ ಅದಕ್ಕೆ ಮೊಹರು ಬಿದ್ದಿದೆ.

ಸಮಿತಿಯ ಪ್ರಕಟಣೆ ಹೀಗಿತ್ತು: "ಹಿರಿಯರು ಪ್ರತಿದಿನ ಏದುಸಿರು ಬಾರದಂತೆ, ಮಾತಾಡುತ್ತಾ, ನಿಧಾನವಾಗಿ ನಡೆಯತಕ್ಕದ್ದು. ತಪ್ಪಿದಲ್ಲಿ ಹೃದಯಕ್ಕೆ ಸಮಿತಿ ಹೊಣೆಯಲ್ಲ."

ಕುರುಗೋಡಿನ ಹತ್ತಿ ವ್ಯಾಪಾರಿ ಮರಿಬಸಪ್ಪನವರಿಗೆ ಅಟ್ಟದ ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತಿತ್ತು. ಸಮಿತಿಯ ಡಾಕ್ಟರು ರಂಗಣ್ಣನವರು ನಾಡಿ ನೋಡಿ, ನಡೆಯದಿದ್ದರೆ ಮುಂದಿನ ಹತ್ತಿ ಸುಗ್ಗಿ ನೋಡುವುದು ಅನುಮಾನ ಎಂದರು. ಸಾಹುಕಾರರು ಆಗಲಿ ಎಂದರು. ಆದರೆ ಅವರಿಗೆ ಅಡ್ಡಿಯಾದದ್ದು ಕಾಲಲ್ಲ, ಊರು. ಸಾಹುಕಾರನೊಬ್ಬ ಬೀದಿಯಲ್ಲಿ ನಡೆದುಹೋದರೆ, ಜೀಪು ಮಾರಿದನಂತೆ ಎಂಬ ಸುದ್ದಿ ಕತ್ತಲಾಗುವುದರೊಳಗೆ ಸಿರುಗುಪ್ಪ ಮುಟ್ಟುತ್ತದೆ. ಬೆಳಿಗ್ಗೆ ಅಲ್ಲಿಂದ ಬೀಗರು ಸಮಾಧಾನ ಹೇಳಲು ಬಂದಿಳಿಯುತ್ತಾರೆ.

ದಾರಿ ತೋರಿಸಿದವರು ಅವರ ಮನೆಯವರು, ಸುವರ್ಣಮ್ಮ. "ನನ್ನ ಮೊಣಕಾಲಿನ ಹರಕಿಗೆ ಗುಡಿ ಸುತ್ತ ಅಡ್ಡಬಿದ್ದು ದೀಡ ನಮಸ್ಕಾರ ಹಾಕಿದಾಕಿ ನಮ್ಮ ಆಳು ಪಾರಮ್ಮ ಅಲ್ಲೇನ್ರಿ? ದೇವರು ಒಪ್ಪಿದ. ಡಾಕ್ಟ್ರು ದೇವರಿಗಿಂತ ದೊಡ್ಡವರೇನು?"

ಸಾಹುಕಾರರು ಹೊಲದಾಳು ಗಾದೆಪ್ಪನನ್ನು ಕರೆಸಿದರು. ಅವನೂ ಅವರ ಓರಗೆಯವನೇ.

"ಲೇ ಗಾದೆಪ್ಪ, ನಾಳಿಂದ ಸಂಜಿಕೆ ನನ್ನ ಪರವಾಗಿ ನಡಿಬೇಕು ನೀನು."

"ದಿನಾ ಹೊಲಕ್ಕ ನಡಿತೀನಲ್ರೀ ಸಾವ್ಕಾರ್ರ."

"ಅದು ನಿಂದು. ಇದು ನಂದು. ನಿಧಾನಕ್ಕ ನಡಿ, ಮತ್ತ ನನ್ನ ಎದಿ ಹಾರೀತು."

ವಿಷಯ ಸಮಿತಿಯ ಮುಂದೆ ಬಂತು. ಸದಸ್ಯರು ಮಂಡಕ್ಕಿ ಮಿರ್ಚಿ ತಿಂದು, ಕೈ ಒರೆಸಿಕೊಂಡು ನಿಯಮ ತಿದ್ದಿದರು: "ಹರಕೆಯ ರೂಢಿಯಂತೆ ಪ್ರತಿನಿಧಿಯ ಮೂಲಕವೂ ನಡೆಯಬಹುದು. ಪ್ರತಿನಿಧಿಯ ನಾಡಿಯನ್ನು ಯಜಮಾನರ ನಾಡಿಯೆಂದೇ ಭಾವಿಸತಕ್ಕದ್ದು." ಇದು ನನ್ನ ಕಿತಾಪತಿ ಎಂದು ಕೆಲವರು ಆಡಿಕೊಳ್ಳುತ್ತಾರೆ. ಅಕ್ಷರ ಮಾತ್ರ ನನ್ನದು.

ಗಾದೆಪ್ಪ ಸಾಹುಕಾರರ ರುಮಾಲು ಸುತ್ತಿಕೊಂಡು ನಡೆದ. ತಿಂಗಳಾದ ಮೇಲೆ ರಂಗಣ್ಣನವರು ಅವನ ನಾಡಿ ಹಿಡಿದು, ಸಾಹುಕಾರರ ಹೃದಯ ಹರೆಯದ ಹುಡುಗನ ಹೃದಯದಂತಿದೆ ಎಂದು ದೃಢೀಕರಿಸಿದರು. ಆ ಖುಷಿಗೆ ಹೋಳಿಗೆ ಉಂಡು ಎದ್ದ ಸಾಹುಕಾರರು ಬಚ್ಚಲ ಬಾಗಿಲಲ್ಲಿ ಎದೆ ಹಿಡಿದು ಕುಸಿದರು.

ಎದೆ ಒಡೆದಿಲ್ಲ, ಹೆದರಿದೆ ಅಷ್ಟೇ ಎಂದ ಡಾಕ್ಟರು, ಈ ಸಲ ಹಾಸಿಗೆ ಬಿಟ್ಟು ಏಳದ ವಿಶ್ರಾಂತಿ ವಿಧಿಸಿದರು. ನಿಯಮವೇನೂ ಬದಲಾಗಿರಲಿಲ್ಲವಾದ್ದರಿಂದ ಸಾಹುಕಾರರ ಮಂಚದ ಮೇಲೆ ಗಾದೆಪ್ಪ ಮಲಗಿದ. ಹೊತ್ತುಹೊತ್ತಿಗೆ ತುಪ್ಪ, ಹಾಲು, ಹೋಳಿಗೆ ಅವನಿಗೇ ಸಂದಾಯವಾದವು.

ಇತ್ತ ಹತ್ತಿ ಒಡೆದಿತ್ತು, ಹೊಲ ನೋಡುವವರಿಲ್ಲ. ಬದುವಿನ ಮೇಲೆ ಜೀಪು ಹೋಗದು. ಹತ್ತಿಗಿಡದ ಮರೆಯಲ್ಲಿ ನಡೆದರೆ ಯಾರಿಗೂ ಕಾಣದು ಎಂದು ಧೈರ್ಯ ತಂದುಕೊಂಡು ಸಾಹುಕಾರರೇ ಹೊರಟರು. ಹತ್ತಿ ಬಿಡಿಸುವ ಪಾರಮ್ಮನ ಜೊತೆ ಅದೂ ಇದೂ ಮಾತಾಡುತ್ತಾ, ದಿನವೂ ನಿಧಾನವಾಗಿ ಬದು ಸುತ್ತಿದರು. ಸುಗ್ಗಿ ಮುಗಿಯುವ ಹೊತ್ತಿಗೆ ಅಟ್ಟ ಹತ್ತಿ ಬೀಡಿ ಹುಡುಕಿಕೊಂಡು ಇಳಿದರೂ ಎದೆ ಸುಮ್ಮನಿತ್ತು. ಗಾದೆಪ್ಪನ ವಿಶ್ರಾಂತಿ ಫಲಿಸಿತು ಎಂದು ಸಮಿತಿ ಅಭಿನಂದನೆ ಸಲ್ಲಿಸಿತು.

ಅಭಿನಂದನೆ ಕೇಳಲು ಎದ್ದು ಕೂತ ಗಾದೆಪ್ಪನಿಗೆ ಏದುಸಿರು ಬಂತು. ಎದೆ ಹಿಡಿದಂಗಾಗತೈತ್ರಿ ಎಂದ. ರಂಗಣ್ಣನವರು ನಾಡಿ ನೋಡಿ, ಇವನಿಗೆ ನಡಿಗೆ ಬೇಕು ಎಂದರು. ಆದರೆ ಅವನು ಎದ್ದರೆ ಸಾಹುಕಾರರ ವಿಶ್ರಾಂತಿಗೆ ಭಂಗ.

ಸಾಹುಕಾರರು ರುಮಾಲು ಸುತ್ತಿಕೊಂಡರು. "ಅವನ ಪರವಾಗಿ ನಾ ನಡಿತೀನಿ ಬಿಡ್ರಿ."

ಈಗ ಯಾರಿಗೂ ಮುಚ್ಚುಮರೆ ಬೇಕಿರಲಿಲ್ಲ. ತನಗಾಗಿ ನಡೆಯುವುದು ದಾರಿದ್ರ್ಯ, ಆಳಿಗಾಗಿ ನಡೆಯುವುದು ಪುಣ್ಯ ಎಂದು ಊರೇ ಒಪ್ಪಿತು. ಕಟ್ಟೆಯ ಮೇಲಿದ್ದವರು ಎದ್ದು ನಿಂತು ಕೈಮುಗಿದರು. ಸಿರುಗುಪ್ಪದ ಬೀಗರು ಹಾರ ಹಿಡಿದು ಬಂದರು. ಸಮಿತಿ ಮತ್ತೆ ಸೇರಿ, ಮತ್ತೆ ಮಿರ್ಚಿ ತಿಂದು, ಎಲ್ಲವನ್ನೂ ಮಂಜೂರು ಮಾಡಿತು.

ಸಾಹುಕಾರರು ಬೀಗರೆದುರು ಸ್ವಲ್ಪ ಜೋರಾಗಿಯೇ ಹೆಜ್ಜೆ ಹಾಕಿದರು. ಒಳಗೆ ಮಂಚದ ಮೇಲಿಂದ ಗಾದೆಪ್ಪ ದಿಂಬಿಗೆ ಮೊಣಕೈಯೂರಿ ಕಿಟಕಿಯಲ್ಲಿ ಇಣುಕಿದ.

"ನಿಧಾನಕ್ಕ ನಡೀರಿ ಸಾವ್ಕಾರ್ರ, ಮತ್ತ ನನ್ನ ಎದಿ ಹಾರೀತು."

ಸಾಹುಕಾರರು ಹೆಜ್ಜೆ ನಿಧಾನ ಮಾಡಿದರು.