ಎಂಟನೆಯ ಸೀಟು

ಹೆಂಗಸರು ಕೆಲಸಕ್ಕೆ ಸೈಕಲ್ಲಿನಲ್ಲಿ ಏಕೆ ಹೋಗುವುದಿಲ್ಲ ಎಂದು ಯಾರಾದರೂ ಕೇಳಿದರೆ, ಉತ್ತರ ಕೊಡಲು ನನ್ನಷ್ಟು ಯೋಗ್ಯಳು ಈ ಕೆ.ಜಿ.ಎಫ್.ನಲ್ಲಿ ಇನ್ನೊಬ್ಬಳಿರಲಾರಳು. ನಾನು ಹೋಗಿದ್ದೇನೆ, ಹೋಗುವುದನ್ನು ಬಿಟ್ಟಿದ್ದೇನೆ. ಮೂರನೆಯದೊಂದನ್ನೂ ಮಾಡಿದ್ದೇನೆ. ಅದನ್ನು ಕೊನೆಗೆ ಹೇಳುತ್ತೇನೆ, ಅಷ್ಟು ಹೊತ್ತಿಗೆ ಧೈರ್ಯ ಉಳಿದಿದ್ದರೆ. ನಾಯಿ, ಧೂಳು, ಸೀರೆ, ಏರು, ಜನರ ಕಣ್ಣು ಎಂದು ನೀವು ಈಗಾಗಲೇ ಪಟ್ಟಿ ಮಾಡಲು ಹೊರಟಿದ್ದರೆ ಪೆನ್ನು ಕೆಳಗಿಡಿ. ಅವೆಲ್ಲ ಇವೆ. ಆದರೆ ನನ್ನನ್ನು ಸೈಕಲ್ಲಿನಿಂದ ಇಳಿಸಿದ್ದು ನಾಯಿಯಲ್ಲ.

ನಾನು ರಾಬರ್ಟ್‌ಸನ್‌ಪೇಟೆಯ ಒಂದು ಶಾಲೆಯ ಕಚೇರಿಯಲ್ಲಿ ಗುಮಾಸ್ತೆ. ಗಂಡ ಕಾರ್ಖಾನೆಯಲ್ಲಿ. ಮನೆ ನಂದಿದುರ್ಗದ ಗಣಿ ಕಾರ್ಮಿಕರ ಲೈನುಮನೆಗಳ ಆಚೆ, ಶಾಲೆಗೆ ನಾಲ್ಕು ಕಿಲೋಮೀಟರ್. ಈ ನಾಲ್ಕು ಕಿಲೋಮೀಟರನ್ನು ಹನ್ನೊಂದು ವರ್ಷ ಸೆಲ್ವನ ಶೇರ್ ಆಟೋದಲ್ಲಿ ಕಳೆದಿದ್ದೇನೆ. ಸೆಲ್ವನ ಆಟೋ ಎಂಟು ಜನ ತುಂಬಿದ ಮೇಲೇ ಹೊರಡುವುದು. ತುಂಬುವುದು ಎಂದರೆ ಸುಮ್ಮನೆ ಕೂರುವುದಲ್ಲ. ನನ್ನ ಎಡಗಾಲು ಇನ್ನೊಬ್ಬರ ಚೀಲದ ಮೇಲೆ, ಬಲಗಾಲು ಗಾಳಿಯಲ್ಲಿ, ಮಡಿಲಲ್ಲಿ ಮೂರನೆಯವರ ಊಟದ ಡಬ್ಬಿ. ಹನ್ನೊಂದು ವರ್ಷ ನಾನು ಈ ರಸ್ತೆಯನ್ನು ನೋಡಿಯೇ ಇರಲಿಲ್ಲ, ಎದುರಿಗಿದ್ದವರ ಬ್ಲೌಸಿನ ಹುಕ್ಕುಗಳನ್ನು ಮಾತ್ರ ನೋಡಿದ್ದೆ.

ನನಗೆ ಸೈಕಲ್ ಬರುತ್ತದೆ ಎಂಬ ಧೈರ್ಯ ಬಂದದ್ದು ಒಂದು ನೆನಪಿನಿಂದ. ಮೈದಾನ, ಸಂಜೆ, ಅಪ್ಪ ಹಿಂದಿನಿಂದ ಸೀಟು ಹಿಡಿದುಕೊಂಡು ಓಡಿಬರುತ್ತಿದ್ದಾರೆ, ನನಗೆ ಗೊತ್ತಾಗದ ಹಾಗೆ ಕೈ ಬಿಡುತ್ತಾರೆ, ನಾನು ಒಬ್ಬಳೇ ಮುಂದೆ ಹೋಗುತ್ತೇನೆ. ಎಷ್ಟು ಚೆಂದದ ನೆನಪು! ಅಷ್ಟು ಚೆಂದವಾಗಿರುವುದರಿಂದಲೇ ನನಗೆ ಅನುಮಾನ. ಇದೇ ನೆನಪು ನನಗೆ ಗೊತ್ತಿರುವ ಎಲ್ಲರಿಗೂ ಇದೆ, ಮಂಡಿನೋವಿನ ಅಪ್ಪಂದಿರಿದ್ದವರಿಗೂ. ಅಣ್ಣನಿಗೆ ಫೋನ್ ಮಾಡಿ ವಿಚಾರಿಸಿದೆ. ಅವನ ಪ್ರಕಾರ ಸೈಕಲ್ಲಿನ ಮೇಲಿದ್ದವನು ಅವನು, ಸೀಟು ಹಿಡಿದು ಹಿಂದೆ ಓಡುತ್ತಿದ್ದವಳು ನಾನು, ಅಪ್ಪ ಆಫೀಸಿನಲ್ಲಿದ್ದರು. ಆಮೇಲೆ ನಾನು ಯಾವಾಗ ಕಲಿತೆ ಎಂದು ಕೇಳಿದ್ದಕ್ಕೆ ಅವನು, ನೀನು ಕಲಿತೆಯಾ ಎಂದು ಕೇಳಿದ.

ಹೇಗೋ, ಸೈಕಲ್ ಕೊಳ್ಳಲು ನಾನು ಬಂಗಾರಪೇಟೆಗೆ ಹೋದೆ. ನಮ್ಮೂರಿನಲ್ಲಿ ಅಂಗಡಿಗಳಿಲ್ಲವೆಂದಲ್ಲ, ನೋಡುವವರೆಲ್ಲ ಗುರುತಿನವರು. ಅಂಗಡಿಯವರು ನನ್ನನ್ನು ಬಹಳ ಗೌರವದಿಂದ ಕೂರಿಸಿ, "ಪಾಪು ಎಷ್ಟನೇ ಕ್ಲಾಸಮ್ಮಾ?" ಎಂದು ಕೇಳಿದರು. ಹೆಣ್ಣಿಗೆ ಸೈಕಲ್ ಎಂದರೆ ಎಂಟನೇ ಕ್ಲಾಸು. ಸರ್ಕಾರವೂ ಆ ವಯಸ್ಸಿಗೇ ಸೈಕಲ್ ಹಂಚುತ್ತಿತ್ತು, ಅದು ತುಕ್ಕು ಹಿಡಿಯುವ ಹೊತ್ತಿಗೆ ಹುಡುಗಿಯರು ಆಟೋ ಹತ್ತುತ್ತಿದ್ದರು. ನನಗೇ ಬೇಕು ಎನ್ನುವ ಮಾತು ಗಂಟಲವರೆಗೆ ಬಂತು. ಅಂಗಡಿಯಲ್ಲಿ ಇನ್ನಿಬ್ಬರು ಗಂಡಸರಿದ್ದರು. "ಎಂಟು" ಎಂದೆ. ಪರಿಣಾಮವಾಗಿ ನಲವತ್ತಾರು ವರ್ಷದ ನಾನು, ಗುಲಾಬಿ ಬಣ್ಣದ, ಮುಂದೆ ಬುಟ್ಟಿಯಿರುವ, ಹ್ಯಾಂಡಲ್ಲಿನ ಎರಡೂ ತುದಿಗೆ ಮಿರಮಿರ ಮಿಂಚುವ ರಿಬ್ಬನ್ ಜುಟ್ಟು ತೂಗುವ ಸೈಕಲ್ಲಿನ ಒಡತಿಯಾದೆ. ಜುಟ್ಟುಗಳನ್ನು ಅವರು ಪಾಪುವಿಗೆಂದು ಪ್ರೀತಿಯಿಂದ ತಾವೇ ಕಟ್ಟಿದ್ದರು. ರೈಲಿನಲ್ಲಿ ಅದನ್ನು ಊರಿಗೆ ತರುವಾಗಲೂ ಜನ ಜಾಗ ಬಿಟ್ಟುಕೊಟ್ಟು, ಮಗಳು ಚೆನ್ನಾಗಿ ಓದುತ್ತಾಳಾ ಎಂದು ಕೇಳಿದರು. ನನಗಿರುವುದು ಒಬ್ಬನೇ ಮಗ. ಚೆನ್ನಾಗಿ ಓದುತ್ತಾಳೆ ಎಂದೆ.

ನಾನು ಹನ್ನೊಂದು ದಿನ ಸೈಕಲ್ಲಿನಲ್ಲಿ ಹೋದೆ. ಗೋಡೆಯ ಕ್ಯಾಲೆಂಡರಿನಲ್ಲಿ ಮಾಡಿಕೊಂಡ ಗುರುತುಗಳ ಪ್ರಕಾರ ಒಂಬತ್ತೇ ದಿನ. ಕ್ಯಾಲೆಂಡರಿಗೆ ಮಂಗಳವಾರದ ಇಳಿಜಾರು ಗೊತ್ತಿಲ್ಲ. ಹಳೆಯ ಗಣಿಯ ಕಬ್ಬಿಣದ ಗೋಪುರ ದಾಟಿದ ಮೇಲೆ ರಸ್ತೆ ತಾನಾಗಿ ಇಳಿಯುತ್ತದೆ. ಪೆಡಲು ತುಳಿಯುವುದೇ ಬೇಡ. ಎದುರಿಗೆ ಯಾರ ಬೆನ್ನೂ ಇಲ್ಲದ ರಸ್ತೆ, ಎರಡು ಕೈಯೂ ನನ್ನವೇ, ಮಡಿಲಲ್ಲಿ ಯಾರ ಡಬ್ಬಿಯೂ ಇಲ್ಲ. ಬಾಯಿ ತೆರೆದುಕೊಂಡಿತ್ತೆಂದು ಕಾಣುತ್ತದೆ, ಏಕೆಂದರೆ ಸಯನೈಡ್ ದಿಬ್ಬದಿಂದ, ಎಂದರೆ ಚಿನ್ನ ತೆಗೆದ ಮೇಲೆ ಸುರಿದ ಗಣಿಮಣ್ಣಿನ ಗುಡ್ಡದಿಂದ, ಗಾಳಿ ಎದ್ದು, ಆ ಬೂದಿ ಧೂಳನ್ನು ನಾನು ಶಾಲೆಯವರೆಗೂ ಅಗಿದೆ. ಅದರಿಂದಲೂ ಬೇಸರವಾಗಲಿಲ್ಲ.

ಬೇಸರ ತಂದದ್ದು ಜನರ ಒಳ್ಳೆಯತನ. ಕೂಗಿದವರು, ಚುಡಾಯಿಸಿದವರು ಯಾರೂ ಇಲ್ಲ. ಎಲ್ಲರೂ ನಿಲ್ಲಿಸಿ ವಿಚಾರಿಸಿದರು. ಯಜಮಾನರ ಕೆಲಸ ಇದೆಯಾ, ಡಾಕ್ಟರು ಹೇಳಿದರಾ, ಹರಕೆಯಾ. ಪರಿಚಯದ ಹಿರಿಯರೊಬ್ಬರು ನನಗೆ ಏನೂ ಆಗದಿರಲೆಂದು ತಮ್ಮ ಸ್ಕೂಟರನ್ನು ನನ್ನ ಪಕ್ಕದಲ್ಲೇ ನಿಧಾನವಾಗಿ ಓಡಿಸುತ್ತ, ತಮ್ಮ ಪಿತ್ತಕೋಶದ ಕಥೆ ಹೇಳುತ್ತ, ಪೂರಾ ಎರಡು ಕಿಲೋಮೀಟರ್ ಬಂದರು. ಹಿಂದೆ ಬಸ್ಸು ಹಾರನ್ ಹಾಕುತ್ತಿತ್ತು. ಹೆಡ್‌ಮಿಸ್ಸು ಸೈಕಲ್ಲನ್ನು ಮುಂದೆ ನಿಲ್ಲಿಸಿದರೆ ಪೋಷಕರು ಏನೆಂದುಕೊಳ್ಳುತ್ತಾರೋ ಎಂದು ಹಿಂಭಾಗದಲ್ಲಿ ಮಕ್ಕಳ ಸೈಕಲ್ಲುಗಳ ಸಾಲಿನಲ್ಲಿ ಜಾಗ ಕೊಟ್ಟರು. ಅಲ್ಲಿ ಅದು ನನ್ನದೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ, ಜುಟ್ಟುಗಳ ಕೃಪೆ. ನನ್ನ ಗಂಡ ಮಾತ್ರ ಕಾರಣ ಕೇಳಲಿಲ್ಲ. ದಿನಾ ಬೆಳಿಗ್ಗೆ ಎರಡೂ ಚಕ್ರಕ್ಕೆ ಪಂಪಿನಲ್ಲಿ ಗಾಳಿ ತುಂಬುತ್ತಿದ್ದರು, ಸಂಜೆ ಬಾಗಿಲಲ್ಲಿ ನಿಂತು "ಏನೂ ಆಗಲಿಲ್ಲವಾ?" ಎಂದು ಕೇಳುತ್ತಿದ್ದರು. ಆ ಪ್ರಶ್ನೆಯಲ್ಲಿ ಸಣ್ಣ ನಿರಾಸೆಯಿತ್ತೆಂದು ಬರೆದರೆ ಪ್ರಬಂಧಕ್ಕೆ ಒಳ್ಳೆಯದು. ಇತ್ತೋ ಇಲ್ಲವೋ, ನಾನು ಹೇಳಲಾರೆ.

ಇದನ್ನೆಲ್ಲ ನಾನು ತಡೆದುಕೊಂಡಿದ್ದೆ. ತಡೆದುಕೊಳ್ಳಲಾಗದ್ದು ಮುನಿರತ್ನಮ್ಮನನ್ನು.

ಮುನಿರತ್ನಮ್ಮ ನಮ್ಮ ಶಾಲೆಯ ಆಯಾ. ಬೇತಮಂಗಲದ ಕಡೆಯ ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದು, ನಮ್ಮ ಸ್ಟಾಪಿನಲ್ಲಿ ಇಳಿದು, ಸೆಲ್ವನ ಆಟೋ ಹತ್ತುವವಳು. ಹನ್ನೊಂದು ವರ್ಷ ನನ್ನ ಮಡಿಲಲ್ಲಿದ್ದ ಡಬ್ಬಿ ಅವಳದೇ. ಒಂದು ಮಧ್ಯಾಹ್ನ ಅವಳು ಕಚೇರಿಗೆ ಬಂದು, ನನ್ನ ಮೇಜಿನ ಮುಂದೆ ನಿಂತು, ಪೊರಕೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು.

"ನೀನು ಸೈಕಲ್ನಾಗೆ ಜುಮ್ಮಂತ ಓಗ್ತೀಯ ಕಣಮ್ಮ, ನೋಡಾಕೆ ಚೆಂದಾಗೈತೆ. ನಾವು ಏಳು ಜನ ಅಲ್ಲೇ ಕುಂತಿರ್ತೀವಿ. ಎಂಟ್ನೇರು ಸಿಕ್ಕೋಗಂಟ ಆ ಸೆಲ್ವ ಗಾಡಿ ಎತ್ತಲ್ಲ."

ನಾನು ಬೇರೆ ಯಾರೂ ಬರುವುದಿಲ್ಲವೇ ಎಂದೆ. ಬರುತ್ತಾರಂತೆ, ಮುಂದಿನ ಬಸ್ಸಿಗೆ. ಅಷ್ಟರಲ್ಲಿ ಶಾಲೆಯ ಹೆಬ್ಬೆರಳು ಒತ್ತುವ ಯಂತ್ರ ತಡ ಎಂದು ಬರೆದಾಗಿರುತ್ತದೆ. ಮೂರು ಸಲ ತಡವಾದರೆ ಅರ್ಧ ದಿನದ ರಜೆ ಕತ್ತರಿ. ಈ ನಿಯಮವನ್ನು ಟೈಪು ಮಾಡಿ ಗೋಡೆಗೆ ಅಂಟಿಸಿದವಳು ನಾನೇ.

"ನಿಂಗೊತ್ತಲ್ಲ, ಮಗಳಿಗೆ ಈಗ ಆರು ತಿಂಗ್ಳು. ಬಾಣಂತನಕ್ಕೆ ಅಂತ ಒಂದೂ ರಜ ಆಕ್ದೆ ಇಟ್ಕೊಂಡಿದ್ದೆ. ನಿನ್ ಸೈಕಲ್ ಬಂದ್ಮ್ಯಾಕೆ ಒಂದು ದಿನ ಓಯ್ತು. ಇನ್ನೂ ಮೂರು ತಿಂಗ್ಳೈತೆ. ನಿಂಗೆ ಬೇಡ ಅನ್ನಾಕೆ ನಾನ್ಯಾರು? ಏಳ್ದೆ ಅಷ್ಟೆ."

ಸೆಲ್ವನನ್ನು ಕೇಳಿದೆ, ಏಳು ಜನಕ್ಕೇ ಹೊರಡಬಾರದೇ ಎಂದು. ಅವನು ಹ್ಯಾಂಡಲಿನ ಮೇಲೆ ಗಲ್ಲವಿಟ್ಟು, ತನ್ನ ತಮಿಳು ಬೆರೆಸಿದ ಕನ್ನಡದಲ್ಲಿ, "ಎನ್ನಕ್ಕಾ, ನೀವೇ ಬಿಟ್ಟೋಗ್ಬಿಟ್ಟು ನನ್ನ ಕೇಳ್ತೀರಾ?" ಎಂದ. ಮಾರನೆಯ ದಿನ ನಾನು ಆಟೋ ಹತ್ತಿದೆ. ಎಲ್ಲರೂ ಸರಿದು ಜಾಗ ಮಾಡಿದರು. ಮುನಿರತ್ನಮ್ಮ ಡಬ್ಬಿಯನ್ನು ನನ್ನ ಮಡಿಲಿಗೆ ಇಟ್ಟಳು. ಅದು ಬಿಸಿಯಾಗಿತ್ತು. ಈ ಬಿಸಿಯನ್ನು ನಂಬಬೇಡಿ, ನಾನು ಆಮೇಲೆ ಸೇರಿಸಿದ್ದಿರಬಹುದು. ಹಳ್ಳಿಯಿಂದ ಬರುವಷ್ಟರಲ್ಲಿ ಡಬ್ಬಿ ಬಿಸಿಯಿರುವುದಿಲ್ಲ.

ಸೈಕಲ್ ಹಿತ್ತಲು ಸೇರಿತು. ಗಂಡ ಮಾತ್ರ ದಿನಾ ಗಾಳಿ ತುಂಬುವುದನ್ನು ಬಿಡಲಿಲ್ಲ. ಯಾಕೆ ಎಂದರೆ, ಇರಲಿ ಎಂದರು.

ಇನ್ನು ಆ ಮೂರನೆಯದು. ಆಟೋದಲ್ಲಿ ಎಂಟರಲ್ಲಿ ಒಬ್ಬರಾಗಿದ್ದ ಹೊಲಿಗೆ ಅಂಗಡಿಯ ವಿಜಯಾ ಮನೆ ಬದಲಿಸಿ ಹೋದರು. ನಾವು ಮತ್ತೆ ಏಳಾದೆವು. ಎರಡು ದಿನ ತಡವಾಯಿತು. ಮೂರನೆಯ ದಿನ ದೇವರಂತೆ ಕವಿತಾ ಬಂದಳು. ಬಂಗಾರಪೇಟೆಯ ಹುಡುಗಿ, ನಮ್ಮ ಶಾಲೆಗೆ ಹೊಸದಾಗಿ ಸೇರಿದ ಗಣಿತದ ಮಿಸ್ಸು, ನಮ್ಮ ಹಿಂದಿನ ಬೀದಿಯಲ್ಲೇ ರೂಮು ಮಾಡಿದ್ದಳು. ಒಂದು ವಾರ ನಮ್ಮ ಜೊತೆ ಬಂದಳು, ಒಂದು ಕಾಲು ಗಾಳಿಯಲ್ಲಿಟ್ಟುಕೊಂಡು. ಎಂಟನೆಯ ದಿನ ಸ್ಟಾಪಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದಳು.

"ಅಕ್ಕಾ, ನಿಮ್ಮ ಹಿತ್ತಲಲ್ಲಿ ಪಿಂಕ್ ಸೈಕಲ್ ಸುಮ್ನೆ ನಿಂತಿದೆಯಲ್ಲ, ನನಗೆ ಕೊಡ್ತೀರಾ? ಹತ್ತನೇ ಕ್ಲಾಸ್ ಆದ್ಮೇಲೆ ಮುಟ್ಟೇ ಇಲ್ಲ. ಆ ಗೋಪುರದ ಹತ್ರ ಇಳಿಜಾರಿದೆಯಲ್ಲ, ದಿನಾ ನೋಡ್ತೀನಿ."

ಅವಳು ನೋಡಿದ್ದಳು. ಬ್ಲೌಸಿನ ಹುಕ್ಕುಗಳ ಸಂದಿಯಿಂದ, ಒಂದೇ ವಾರದಲ್ಲಿ, ಅವಳಿಗೆ ಆ ಇಳಿಜಾರು ಕಂಡಿತ್ತು. ನಾನು ಆಟೋದ ಕಡೆ ತಿರುಗಿದೆ. ಒಳಗೆ ಆರು ಜನ ಕೂತಿದ್ದರು. ಹೊರಗೆ ನಾವಿಬ್ಬರು. ಮುನಿರತ್ನಮ್ಮ ನಮ್ಮನ್ನು ನೋಡದೆ ಡಬ್ಬಿಯ ಮುಚ್ಚಳ ನೋಡುತ್ತಿದ್ದಳು. ಅವಳ ಮಗಳಿಗೆ ಒಂಬತ್ತು ತಿಂಗಳು ತುಂಬಿತ್ತು.

ನಾನು ಮಾತಾಡಲು ಶುರು ಮಾಡಿದೆ. ಆ ರಸ್ತೆಯಲ್ಲಿ ನಾಯಿಗಳಿವೆ ಎಂದೆ. ದಿಬ್ಬದ ಧೂಳು ಎದೆಗೆ ಒಳ್ಳೆಯದಲ್ಲ ಎಂದೆ. ಸೀರೆ ಚೈನಿಗೆ ಸಿಕ್ಕುತ್ತದೆ, ಹೋಗುವಾಗ ಇಳಿಜಾರಾದರೆ ಬರುವಾಗ ಏರು, ಪೋಷಕರು ಏನೆಂದುಕೊಳ್ಳುತ್ತಾರೋ, ಹೆಡ್‌ಮಿಸ್ಸಿಗೆ ಇಷ್ಟವಾಗುವುದಿಲ್ಲ, ನೀನು ಮದುವೆಯಾಗಬೇಕಾದವಳು. ಕೊನೆಯದು ನನ್ನ ಬಾಯಿಂದ ಬಂತೆಂದು ನನಗೆ ಈಗಲೂ ನಂಬಿಕೆಯಾಗುತ್ತಿಲ್ಲ. ಈ ಒಂದು ವಿಷಯದಲ್ಲಿ ಮಾತ್ರ ನನ್ನ ನೆನಪು ಸರಿಯಾಗಿದೆ. ಹುಡುಗಿ ಎಲ್ಲ ಕೇಳಿ, ಪರವಾಗಿಲ್ಲ ಅಕ್ಕಾ, ಒಂದು ಸಲ ನೋಡ್ತೀನಿ ಎಂದಳು.

"ಅದು ಪಂಕ್ಚರ್ ಆಗಿದೆ ಕಣೆ," ಎಂದೆ. "ಎರಡೂ ಚಕ್ರ."

ಓ, ಎಂದು ಅವಳು ಆಟೋ ಹತ್ತಿದಳು. ಅವಳ ಹಿಂದೆ ನಾನು. ಎಂಟಾಯಿತು. ಸೆಲ್ವ ಗಾಡಿ ಎತ್ತಿದ.

ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡದೆ ಹಿತ್ತಲಿಗೆ ಹೋದೆ. ಕವಿತಾಳ ರೂಮಿನ ಕಿಟಕಿಯಿಂದ ನಮ್ಮ ಹಿತ್ತಲು ಚೆನ್ನಾಗಿ ಕಾಣುತ್ತದೆ. ಎರಡು ಚಕ್ರಗಳೂ ಕಲ್ಲಿನಂತೆ ಗಟ್ಟಿಯಾಗಿದ್ದವು. ಕುಕ್ಕರುಗಾಲಲ್ಲಿ ಕೂತು ಮುಂದಿನ ಚಕ್ರದ ವಾಲ್ವ್ ತಿರುಗಿಸಿದೆ, ಆಮೇಲೆ ಹಿಂದಿನದು. ಗಾಳಿ ಪೂರ್ತಿ ಹೋಗಲು ಬಹಳ ಹೊತ್ತು ಹಿಡಿಯಿತು, ಅಷ್ಟು ಶ್ರದ್ಧೆಯಿಂದ ತುಂಬಿದ್ದರು ನನ್ನ ಗಂಡ. ಅವರು ಬಾಗಿಲಲ್ಲಿ ಬಂದು ನಿಂತು, ಏನಾಯಿತು ಎಂದು ಕೇಳಿದರು. ಪಂಕ್ಚರ್ ಎಂದೆ. ಇನ್ನೆರಡು ವರ್ಷ ಹೋದರೆ ನನಗೂ ಹಾಗೆಂದೇ ನೆನಪಿರುತ್ತದೆ.